ಬಿಸಿಲಿನಿಂದ ಕಂಪ್ಯೂಟರ್ ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಕೇಳುವ ಪ್ರಶ್ನೆಗಳಿವು. 2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನ ಕೆಲಸವನ್ನು ಊರಿಗೇ ತಂದುಕೊಂಡವರು, ದಾನವಾಗಿ ಬಂದ ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸಿಟ್ಟಿರುವ ಶಾಲೆಯ ಮೇಷ್ಟ್ರುಗಳು, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರು, ಜೆರಾಕ್ಸ್ ಅಂಗಡಿಯವರು, ಎಲ್ಲರ ಗೊಂದಲವೂ ಬಹುಪಾಲು ಒಂದೇ. ಎಷ್ಟು ದೊಡ್ಡ ಪ್ಯಾನೆಲ್ ಬೇಕು ಎಂಬಲ್ಲಿಂದ ಮಾತು ಶುರುವಾಗುತ್ತದೆ. ನನ್ನ ಪ್ರಕಾರ ಪ್ಯಾನೆಲ್ಲಿನ ಮಾತು ಕೊನೆಗೆ ಬರಬೇಕು. ಮೊದಲು ಕಂಪ್ಯೂಟರ್ ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಳೆಯಿರಿ, ಅದನ್ನು ಕಡಿಮೆ ಮಾಡಿ. ಆಮೇಲೆ ಬ್ಯಾಟರಿ, ಆಮೇಲೆ ಪ್ಯಾನೆಲ್. ಈ ಸರದಿ ತಪ್ಪಿದ ಕಡೆಯೆಲ್ಲ ದುಡ್ಡು ದಂಡವಾಗುವುದನ್ನು ನೋಡಿದ್ದೇನೆ.

### ದೀಪ, ಮೊಬೈಲ್ ಚಾರ್ಜ್ ಸರಿ. ಕಂಪ್ಯೂಟರ್ ಸೋಲಾರ್‌ನಲ್ಲಿ ನಿಜಕ್ಕೂ ನಡೆಯುತ್ತದೆಯೇ?

ಧಾರಾಳವಾಗಿ ನಡೆಯುತ್ತದೆ. ಕಂಪ್ಯೂಟರ್ ಎಂದರೆ ಭಾರಿ ಕರೆಂಟು ಎಂಬ ಭಾವನೆ ಹಳೆಯ ದಪ್ಪ ಮಾನಿಟರುಗಳ ಕಾಲದ್ದು. ಇಂದಿನ ಲ್ಯಾಪ್‌ಟಾಪ್ ಒಂದು ಸೀಲಿಂಗ್ ಫ್ಯಾನಿಗಿಂತ ಕಡಿಮೆ ಎಳೆಯುತ್ತದೆ. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ಹಾರಿಸಿದ ಆರ್ಯಭಟ ಉಪಗ್ರಹಕ್ಕೆ ಮೈಮೇಲಿನ ಸೌರಕೋಶಗಳಿಂದ ಸಿಗುತ್ತಿದ್ದದ್ದು ಸುಮಾರು 46 ವಾಟ್. ನಿಮ್ಮ ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಬಹುಪಾಲು ಹೊತ್ತು ಅಷ್ಟೂ ಬೇಡ.

### ನನ್ನ ಕಂಪ್ಯೂಟರ್ ಎಷ್ಟು ಕರೆಂಟು ತಿನ್ನುತ್ತದೆ ಎಂದು ತಿಳಿಯುವುದು ಹೇಗೆ?

ಅಡಾಪ್ಟರಿನ ಮೇಲೆ ಬರೆದಿರುವುದನ್ನು ನಂಬಬೇಡಿ. ಲ್ಯಾಪ್‌ಟಾಪ್ ಅಡಾಪ್ಟರನ್ನು ತಿರುಗಿಸಿ ನೋಡಿದರೆ ಕೆಳಗಡೆ 19.5 ವೋಲ್ಟ್, 3.33 ಆಂಪಿಯರ್ ಎಂಬಂಥ ಸಣ್ಣ ಅಕ್ಷರ ಕಾಣುತ್ತದೆ. ಗುಣಿಸಿದರೆ 65 ವಾಟ್. ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ, ಕಂಪ್ಯೂಟರ್ ಸದಾ ಎಳೆಯುವುದಲ್ಲ. ಖಾಲಿಯಾದ ಬ್ಯಾಟರಿ ಚಾರ್ಜ್ ಆಗುವಾಗ ಮಾತ್ರ ಅದರ ಹತ್ತಿರ ಹೋಗುತ್ತದೆ. ಬ್ಯಾಟರಿ ತುಂಬಿದ ಮೇಲೆ, ಟೈಪ್ ಮಾಡುತ್ತಾ ಕೂತರೆ 10ರಿಂದ 15 ವಾಟ್, ವಿಡಿಯೋ ಮೀಟಿಂಗಿನಲ್ಲಿದ್ದರೆ 20ರಿಂದ 30.

ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ವಾಟ್ ಮೀಟರ್ ಒಂದನ್ನು ಕೊಳ್ಳಿ. ಇಡೀ ದಿನ ಹಾಗೇ ಬಿಟ್ಟು ಸಂಜೆ ಎಷ್ಟು ಯೂನಿಟ್ ಆಯಿತು ನೋಡಿ. ಸೋಲಾರ್ ಹಾಕಿಸುವ ಮೊದಲು ಮಾಡುವ ಖರ್ಚುಗಳಲ್ಲಿ ಇದಕ್ಕಿಂತ ಲಾಭದ್ದು ಬೇರೆ ಇಲ್ಲ.

ಸಾಧಾರಣ ಡೆಸ್ಕ್‌ಟಾಪ್ ಮಾನಿಟರ್ ಸೇರಿ 80ರಿಂದ 120 ವಾಟ್ ತಿನ್ನುತ್ತದೆ, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಇನ್ನೂ ಜಾಸ್ತಿ. ಅಂಗೈಯಗಲದ ಮಿನಿ ಪಿಸಿ 10ರಿಂದ 25, ರಾಸ್ಬೆರಿ ಪೈ ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ 3ರಿಂದ 7, ಎಲ್‌ಇಡಿ ಮಾನಿಟರ್ 15ರಿಂದ 25. ಪರದೆಯ ಬೆಳಕು ತಗ್ಗಿಸಿದರೂ ಒಂದಿಷ್ಟು ವಾಟ್ ಉಳಿಯುತ್ತದೆ.

### ಪ್ಯಾನೆಲ್, ಬ್ಯಾಟರಿ ಎಷ್ಟು ಬೇಕು? ಲೆಕ್ಕ ಹೇಳಿ.

ಮನೆಯಿಂದ ಕೆಲಸ ಮಾಡುವ ಒಬ್ಬರ ಲೆಕ್ಕ ಮಾಡೋಣ. ಲ್ಯಾಪ್‌ಟಾಪ್ 25 ವಾಟ್, ದಿನಕ್ಕೆ 8 ಗಂಟೆ: 200 ವಾಟ್ ಅವರ್ (ವಾಟನ್ನು ಗಂಟೆಯಿಂದ ಗುಣಿಸಿದ್ದು, ಸಾವಿರವಾದರೆ ಒಂದು ಯೂನಿಟ್). ವೈಫೈ ರೂಟರ್ 10 ವಾಟ್, 24 ಗಂಟೆ: 240. ಮೇಜಿನ ಬಳಿಯ 9 ವಾಟಿನ ಬಲ್ಬು 4 ಗಂಟೆ: 36. ಒಟ್ಟು 476.

ಇಲ್ಲಿ ಒಂದು ವಿಷಯ ಗಮನಿಸಿ. ಲ್ಯಾಪ್‌ಟಾಪಿಗಿಂತ ರೂಟರ್ ಹೆಚ್ಚು ತಿಂದಿದೆ, ಯಾಕೆಂದರೆ ಅದನ್ನು ಯಾರೂ ಆರಿಸುವುದಿಲ್ಲ. ರಾತ್ರಿ ಹತ್ತಕ್ಕೆ ಆರಿಸಿ ಬೆಳಿಗ್ಗೆ ಆರಕ್ಕೆ ಹಾಕಿದರೆ ಅಷ್ಟಕ್ಕೇ 80 ವಾಟ್ ಅವರ್ ಉಳಿಯಿತು.

ಪ್ಯಾನೆಲ್ಲಿನಿಂದ ಕಂಪ್ಯೂಟರಿಗೆ ಬರುವಷ್ಟರಲ್ಲಿ ವೈರು, ಕಂಟ್ರೋಲರ್ (ಬ್ಯಾಟರಿ ತುಂಬುವುದನ್ನು ಹತೋಟಿಯಲ್ಲಿಡುವ ಪೆಟ್ಟಿಗೆ), ಬ್ಯಾಟರಿ, ಧೂಳು, ಬಿಸಿ ಎಲ್ಲ ಸೇರಿ ಶೇ. 30ರಷ್ಟು ಸೋರಿಹೋಗುತ್ತದೆ ಎಂದಿಟ್ಟುಕೊಳ್ಳಿ. 476 ಬೇಕಿದ್ದರೆ ಪ್ಯಾನೆಲ್ 680 ಕೊಡಬೇಕು. ಕರ್ನಾಟಕದ ಬಹುಪಾಲು ಕಡೆ ದಿನದ ಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ವರ್ಷದ ಸರಾಸರಿಯಲ್ಲಿ 5 ಗಂಟೆ ನಡುಮಧ್ಯಾಹ್ನದ ಬಿಸಿಲಿಗೆ ಸಮ. ಸ್ವಲ್ಪ ಕೈಹಿಡಿದು 4.5 ಎಂದುಕೊಂಡರೆ 150 ವಾಟ್ ಪ್ಯಾನೆಲ್ ಸಾಕು. ಆದರೆ ಮಲೆನಾಡಿನ ಮಳೆಗಾಲಕ್ಕೆ ಎರಡೂವರೆ ಗಂಟೆ ಎಂದು ಹಿಡಿಯಬೇಕು. ಆಗ 270 ವಾಟ್ ಬೇಕಾಗುತ್ತದೆ. ಹಾಗಾಗಿ ಶಿರಸಿ, ಸಾಗರ, ತೀರ್ಥಹಳ್ಳಿಯವರಿಗೆ 300 ವಾಟ್, ಚಿತ್ರದುರ್ಗದವರಿಗೆ 200 ವಾಟ್ ಎನ್ನುತ್ತೇನೆ.

ಬ್ಯಾಟರಿಯಲ್ಲಿ ಎರಡು ದಿನಕ್ಕಾಗುವಷ್ಟು ಇರಲಿ. 12.8 ವೋಲ್ಟ್, 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿಯಲ್ಲಿ 1,280 ವಾಟ್ ಅವರ್ ಹಿಡಿಯುತ್ತದೆ, ಶೇ. 80 ಬಳಸಿದರೆ 1,024. ಎರಡು ದಿನ ಬಂತು. ಮನೆಯ ಇನ್ವರ್ಟರುಗಳಿಗೆ ಇಡುವ ಟ್ಯೂಬ್ಯುಲರ್ ಲೆಡ್ ಆಸಿಡ್ ಬ್ಯಾಟರಿ ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅದರಲ್ಲಿ 12 ವೋಲ್ಟ್, 150 ಎಎಚ್ ಇಟ್ಟರೆ ಕೈಗೆ ಸಿಗುವುದು 900.

### ಪ್ಯಾನೆಲ್ ಎಲ್ಲಿ ಇಡಬೇಕು? ನಮ್ಮದು ತೋಟದ ನಡುವಿನ ಹೆಂಚಿನ ಮನೆ.

ಅಡಿಕೆ ಎಲ್ಲಿ ಒಣಗಿಸುತ್ತೀರೋ ಅಲ್ಲಿ. ಇದನ್ನು ಅಳೆದು ತೂಗಿಯೇ ಹೇಳುತ್ತಿದ್ದೇನೆ. ಯಾವ ತಿಂಗಳು ಎಷ್ಟು ಗಂಟೆಗೆ ಯಾವ ಮೂಲೆಗೆ ನೆರಳು ಬೀಳುತ್ತದೆ ಎಂಬುದು ಅಡಿಕೆ, ಹಪ್ಪಳ ಒಣಗಿಸುವ ಮನೆಯವರಿಗೆ ಗೊತ್ತಿರುವಷ್ಟು ಪೇಟೆಯಿಂದ ಬರುವ ಮೆಕ್ಯಾನಿಕ್ಕಿಗೆ ಗೊತ್ತಿರುವುದಿಲ್ಲ. ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಆಮೇಲೆ ಜಾಗ ಗುರುತು ಮಾಡಿ.

ನೆರಳಿನ ವಿಷಯದಲ್ಲಿ ಪ್ಯಾನೆಲ್ ಬಹಳ ಸೂಕ್ಷ್ಮ. ಒಳಗಿನ ಕೋಶಗಳು ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ಒಂದು ತೆಂಗಿನ ಗರಿಯ ನೆರಳು ಅಡ್ಡ ಬಿದ್ದರೆ ಹೋಗುವುದು ಅಷ್ಟು ಜಾಗದ ಕರೆಂಟು ಮಾತ್ರವಲ್ಲ, ಸಾಲಿಗೆ ಸಾಲೇ ಮಲಗುತ್ತದೆ. ಸಣ್ಣ ಪ್ಯಾನೆಲ್ಲಾದರೆ ಅರ್ಧಕ್ಕರ್ಧ ಇಳಿಯಬಹುದು.

ಮುಖ ದಕ್ಷಿಣಕ್ಕೆ, ಓರೆ ಸುಮಾರು 15 ಡಿಗ್ರಿ. ಇದಕ್ಕಿಂತ ಚಪ್ಪಟೆ ಮಾಡಿದರೆ ಮಳೆಗೆ ಧೂಳು, ಪಾಚಿ ತೊಳೆದುಹೋಗುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಆ ಕಡೆಯ ಮರಗಳ ನೆರಳು ಉದ್ದವಾಗುತ್ತದೆ. ಮೇ ತಿಂಗಳಲ್ಲಿ ನೋಡಿ ಜಾಗ ಆರಿಸಿದವರು ಡಿಸೆಂಬರಿನಲ್ಲಿ ಪರದಾಡುವುದು ಇದಕ್ಕೇ. ಶಿರಸಿಯ ಆಸುಪಾಸಿನಲ್ಲಿ ಮೇ ಆರಂಭದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ.

ದೊಡ್ಡ 540 ವಾಟಿನ ಪ್ಯಾನೆಲ್ ಒಂದಕ್ಕೆ 28 ಕಿಲೋದಷ್ಟು ತೂಕವಿದೆ. ಹಳೆಯ ರೀಪು, ಪಕಾಸುಗಳ ಮೇಲೆ ಅದನ್ನು ಹೇರುವ ಬದಲು ಅಂಗಳದ ಅಂಚಿಗೆ ಕಬ್ಬಿಣದ ಕಂಬ ನಿಲ್ಲಿಸಿ ಕೂರಿಸುವುದು ವಾಸಿ. ಒರೆಸುವುದಕ್ಕೂ ಕೈಗೆಟುಕುತ್ತದೆ.

### ಜುಲೈನಲ್ಲಿ ವಾರಗಟ್ಟಲೆ ಸೂರ್ಯನ ಮುಖವೇ ಕಾಣದಿದ್ದರೆ?

ದಟ್ಟ ಮೋಡದಲ್ಲೂ ಪ್ಯಾನೆಲ್ ಪೂರ್ತಿ ಸತ್ತುಹೋಗುವುದಿಲ್ಲ, ಶೇ. 10ರಿಂದ 20ರಷ್ಟು ಕೊಡುತ್ತಲೇ ಇರುತ್ತದೆ. 300 ವಾಟಿನ ಪ್ಯಾನೆಲ್ಲಿನಿಂದ 30–60 ವಾಟ್ ಹನಿಹನಿಯಾಗಿ ಬಂದರೂ ಲ್ಯಾಪ್‌ಟಾಪಿನ ಮಟ್ಟಿಗೆ ಅದು ಸಣ್ಣದಲ್ಲ. ಡೆಸ್ಕ್‌ಟಾಪ್ ಇಟ್ಟವರಿಗೆ ಮಾತ್ರ ಅದು ಎಲ್ಲಿಗೂ ಸಾಲದು.

ಆದರೂ ಆಗುಂಬೆ, ಹೊಸನಗರದ ಮಳೆಗಾಲಕ್ಕೆ ಸೋಲಾರ್ ಒಂದನ್ನೇ ನಂಬಿ ಎಂದು ಹೇಳಲಾರೆ. ಲೈನಿನ ಕರೆಂಟು ಬಂದಾಗ ಅದೇ ಬ್ಯಾಟರಿಗೆ ಚಾರ್ಜ್ ಆಗುವ ಏರ್ಪಾಡು ಇರಲಿ. ಮರ ಬಿದ್ದು ಮೂರು ದಿನ ಕರೆಂಟಿಲ್ಲದಿದ್ದರೂ ನಡುವೆ ಎರಡು ಗಂಟೆ ಬಂದುಹೋಗುವುದುಂಟು, ಅಷ್ಟರಲ್ಲಿ ಲಿಥಿಯಂ ಬ್ಯಾಟರಿ ಒಳ್ಳೆಯ ಪಾಲು ತುಂಬಿಕೊಳ್ಳುತ್ತದೆ. ಮಳೆಯ ನಾಲ್ಕು ತಿಂಗಳೂ ಪೂರ್ತಿ ಸಾಲುವಂತೆ ಪ್ಯಾನೆಲ್ ಹಾಕಲು ಹೊರಟರೆ ಉಳಿದ ಎಂಟು ತಿಂಗಳು ದೊಡ್ಡ ಪಾಲು ಬಿಸಿಲು ವ್ಯರ್ಥವಾಗುತ್ತದೆ.

### ಕಲಬುರಗಿ, ರಾಯಚೂರಿನಲ್ಲಿ ಬೇಕಾದಷ್ಟು ಬಿಸಿಲು. ಅಲ್ಲಿ ಚಿಂತೆಯಿಲ್ಲ ಅಲ್ಲವೇ?

ಬಿಸಿಲು ಬೇರೆ, ಬಿಸಿ ಬೇರೆ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು. ಪ್ಯಾನೆಲ್ಲಿನ ಮೇಲೆ ನಮೂದಿಸುವ ವಾಟ್, ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದ ಹಾಗೂ ಸುಮಾರು ಶೇ. 0.35 ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ ಮುಟ್ಟಿದರೆ ಕೈ ಸುಡುತ್ತದೆ, ಸಲೀಸಾಗಿ 65 ಡಿಗ್ರಿ ಆಗಿರುತ್ತದೆ. ಅಲ್ಲಿಗೆ ಶೇ. 14 ಹೋಯಿತು. ತಗಡಿಗೆ ಅಂಟಿಸಿದ ಹಾಗೆ ಕೂರಿಸದೆ ಕೆಳಗೆ ಗೇಣುದ್ದ ಗಾಳಿಯಾಡಲು ಬಿಡಿ.

ಧೂಳು ಇನ್ನೊಂದು. ಬಳ್ಳಾರಿ, ಕೊಪ್ಪಳದ ಕಡೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒರೆಸಿದರೂ ಅತಿಯಾಗದು. ಬೆಳಿಗ್ಗೆ ಬಿಸಿಲೇರುವ ಮೊದಲು ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯುವುದು ಒಳ್ಳೆಯದಲ್ಲ.

ಕಂಪ್ಯೂಟರಿಗೂ ಬ್ಯಾಟರಿಗೂ ಸೆಖೆ ಆಗದು. ತಗಡಿನ ಛಾವಣಿಯ ಕೋಣೆಯಲ್ಲಿ ಬ್ಯಾಟರಿ ಇಟ್ಟರೆ ಅದರ ಆಯುಸ್ಸು ಕಣ್ಣಿಗೆ ಕಾಣುವಂತೆ ಇಳಿಯುತ್ತದೆ.

### ಇನ್ವರ್ಟರ್ ಇಲ್ಲದೆಯೇ ಲ್ಯಾಪ್‌ಟಾಪ್ ನಡೆಸಬಹುದಂತೆ, ಹೌದೇ?

ಹೌದು, ಸಣ್ಣ ವ್ಯವಸ್ಥೆಗೆ ಅದೇ ಸರಿಯಾದ ದಾರಿ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪ್ಯಾನೆಲ್ ಕೊಡುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಬ್ಯಾಟರಿಯಲ್ಲಿ ಇರುವುದು ಡಿಸಿ. ಲ್ಯಾಪ್‌ಟಾಪ್, ರೂಟರ್, ಮೊಬೈಲ್ ಎಲ್ಲವೂ ಒಳಗೆ ಬಳಸುವುದು ಡಿಸಿ. ನಡುವೆ ಇನ್ವರ್ಟರ್ ಇಟ್ಟು 12 ವೋಲ್ಟ್ ಡಿಸಿಯನ್ನು ಲೈನಿನಲ್ಲಿ ಬರುವಂಥ 230 ವೋಲ್ಟ್ ಎಸಿ ಮಾಡಿ, ಅಡಾಪ್ಟರಿನಲ್ಲಿ ಅದನ್ನೇ ಮತ್ತೆ 19 ವೋಲ್ಟ್ ಡಿಸಿಗೆ ಇಳಿಸುತ್ತೇವೆ. ಎರಡು ಸಲದ ಈ ಪರಿವರ್ತನೆಯಲ್ಲಿ ಕಾಲು ಭಾಗ ಶಾಖವಾಗಿ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಇನ್ವರ್ಟರ್ ಸುಮ್ಮನೆ ಆನ್ ಆಗಿ ಕೂತರೂ 10ರಿಂದ 25 ವಾಟ್ ತಿನ್ನುತ್ತದೆ. 20 ಎಂದುಕೊಳ್ಳಿ, 24 ಗಂಟೆಗೆ 480 ವಾಟ್ ಅವರ್. ಮೇಲೆ ಲೆಕ್ಕ ಹಾಕಿದ ಲ್ಯಾಪ್‌ಟಾಪ್, ರೂಟರ್, ಬಲ್ಬು ಮೂರೂ ಸೇರಿ ತಿಂದದ್ದು 476!

ಹಾಗಾದರೆ ಏನು ಮಾಡಬೇಕು? ಕಾರಿನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡುವ ಡಿಸಿ ಚಾರ್ಜರ್ ಸಿಗುತ್ತದೆ. ಅದು 12 ವೋಲ್ಟನ್ನು ನೇರ 19ಕ್ಕೆ ಏರಿಸುತ್ತದೆ. ಲ್ಯಾಪ್‌ಟಾಪ್ ಯುಎಸ್‌ಬಿ ಸಿ ಮೂಲಕ ಚಾರ್ಜ್ ಆಗುವಂಥದ್ದಾದರೆ ಇನ್ನೂ ಸುಲಭ, 65 ವಾಟಿನ ಕಾರ್ ಚಾರ್ಜರ್ ಸಾಕು. ಹಳೆಯ ಬಗೆಯ ದುಂಡು ಪಿನ್ನಾದರೆ ವೋಲ್ಟೇಜೂ ಪ್ಲಸ್–ಮೈನಸ್ಸೂ ನಿಮ್ಮ ಅಡಾಪ್ಟರಿಗೆ ತಾಳೆಯಾಗುತ್ತದೆಯೇ ನೋಡಿಯೇ ಸಿಕ್ಕಿಸಿ. ಎಷ್ಟೋ ಮಾನಿಟರುಗಳಿಗೂ ಹೊರಗಿನ ಅಡಾಪ್ಟರೇ ಇರುತ್ತದೆ, 12 ಅಥವಾ 19 ವೋಲ್ಟಿನದು. ಅವನ್ನೂ ಹೀಗೇ ನಡೆಸಬಹುದು.

ವೈರು ಮಾತ್ರ ದಪ್ಪವಿರಲಿ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 10 ಆಂಪಿಯರನ್ನು 10 ಮೀಟರ್ ದೂರ ಒಯ್ದರೆ 2.4 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. 230ರಲ್ಲಿ ಅದು ಲೆಕ್ಕಕ್ಕಿಲ್ಲ, 12ರಲ್ಲಿ ಐದನೆಯ ಒಂದು ಭಾಗ. 6 ಚದರ ಮಿ.ಮೀ. ಹಾಕಿದರೆ ಬೀಳುವುದು 0.6 ವೋಲ್ಟ್. ಬ್ಯಾಟರಿಯನ್ನು ಮೇಜಿನ ಹತ್ತಿರವೇ ಇಟ್ಟರೆ ಅದೂ ಉಳಿಯಿತು.

### ರೂಟರ್ 12 ವೋಲ್ಟಿನದು, ಬ್ಯಾಟರಿಯೂ 12 ವೋಲ್ಟಿನದು. ನೇರ ಕೊಡಬಹುದಲ್ಲ?

ಕೊಡಬೇಡಿ. 12 ವೋಲ್ಟ್ ಬ್ಯಾಟರಿ ಎಂಬುದು ಹೆಸರಿಗೆ. ಚಾರ್ಜ್ ಆಗುವಾಗ 14.4ಕ್ಕೆ ಏರುತ್ತದೆ, ಖಾಲಿಯಾಗುವಾಗ 11.5ಕ್ಕೆ ಇಳಿಯುತ್ತದೆ. ಕೆಲವು ರೂಟರ್ ತಡೆದುಕೊಳ್ಳುತ್ತವೆ, ಕೆಲವು ಸುಟ್ಟುಹೋಗುತ್ತವೆ. ನಡುವೆ ಸ್ಥಿರವಾಗಿ 12 ವೋಲ್ಟ್ ಕೊಡುವ ಡಿಸಿ–ಡಿಸಿ ಕನ್ವರ್ಟರ್ ಹಾಕಿ. ಏರಿಸುವುದು, ಇಳಿಸುವುದು ಎರಡನ್ನೂ ಮಾಡುವಂಥದ್ದು ಬೇಕು ಎಂದು ಕೇಳಿ ತೆಗೆದುಕೊಳ್ಳಿ.

### ಮನೆಯಲ್ಲಿ ಈಗಾಗಲೇ ಯುಪಿಎಸ್ ಇನ್ವರ್ಟರ್ ಇದೆ. ಅದಕ್ಕೇ ಪ್ಯಾನೆಲ್ ಜೋಡಿಸಬಹುದೇ?

ಜೋಡಿಸಬಹುದು, ಆದರೆ ಒಂದು ತೊಡಕಿದೆ. ಪ್ಯಾನೆಲ್ಲಿನಿಂದ ಒಂದು ಸಾದಾ ಚಾರ್ಜ್ ಕಂಟ್ರೋಲರ್ ಮೂಲಕ ಅದೇ ಬ್ಯಾಟರಿಗೆ ವೈರು ಎಳೆದರೆ, ಲೈನಿನ ಕರೆಂಟು ರಾತ್ರಿಯೇ ಬ್ಯಾಟರಿ ತುಂಬಿಸಿಬಿಟ್ಟಿರುತ್ತದೆ. ಬೆಳಿಗ್ಗೆ ಸೂರ್ಯ ಬಂದಾಗ ತುಂಬಲು ಜಾಗವೇ ಇಲ್ಲ. ಪ್ಯಾನೆಲ್ ಮೇಲಿದ್ದೂ ಬಿಲ್ಲು ಕಡಿಮೆಯಾಗಲಿಲ್ಲ ಎಂದು ಕೊರಗುವವರ ಮನೆಯಲ್ಲಿ ಹೆಚ್ಚಾಗಿ ಆಗಿರುವುದು ಇದೇ. ಬಿಸಿಲಿರುವಾಗ ಲೈನಿನ ಚಾರ್ಜಿಂಗನ್ನು ತಡೆದು ಸೋಲಾರಿಗೆ ಮೊದಲ ಮಣೆ ಹಾಕುವ ಸೋಲಾರ್ ಮ್ಯಾನೇಜ್‌ಮೆಂಟ್ ಯೂನಿಟ್ ಎಂಬ ಪೆಟ್ಟಿಗೆ ಸಿಗುತ್ತದೆ. ಅದನ್ನು ಹಾಕಿಸಿ.

### ಕರೆಂಟು ಹೋದ ಕೂಡಲೇ ಇನ್ವರ್ಟರ್ ಹತ್ತಿಕೊಂಡರೂ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ. ಯಾಕೆ?

ಇನ್ವರ್ಟರಿನ ಹಿಂಭಾಗದಲ್ಲಿ ಅಥವಾ ಮುಂದಿನ ಫಲಕದಲ್ಲಿ ನಾರ್ಮಲ್, ಯುಪಿಎಸ್ ಎಂಬ ಸ್ವಿಚ್ ಇದೆಯೇ ನೋಡಿ. ಅದನ್ನು ಯುಪಿಎಸ್ ಕಡೆಗೆ ಹಾಕಿ. ನಾರ್ಮಲ್‌ನಲ್ಲಿದ್ದಾಗ ಬದಲಾವಣೆಗೆ ಹಿಡಿಯುವ ಹೊತ್ತು ಫ್ಯಾನಿಗೆ, ದೀಪಕ್ಕೆ ಏನೂ ಅಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಅಷ್ಟು ಹೊತ್ತು ತಡೆಯುವುದಿಲ್ಲ.

ಹಳ್ಳಿಗಳಲ್ಲಿ ಇದರ ಜೊತೆ ಇನ್ನೊಂದು ಸಂಕಟ: ಟೀಸಿ (ಟ್ರಾನ್ಸ್‌ಫಾರ್ಮರ್) ದೂರವಿದ್ದು ಡಿಮ್ ಕರೆಂಟು ಬರುವ ಕಡೆ ಯುಪಿಎಸ್ ಮೋಡಿನಲ್ಲಿಟ್ಟರೆ, ವೋಲ್ಟೇಜು 180ಕ್ಕಿಂತ ಕೆಳಗಿಳಿದಾಗಲೆಲ್ಲ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಸಂಜೆಯೊಳಗೆ ಬ್ಯಾಟರಿ ಬರಿದು. ಅಂಥ ಊರಿನವರು ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪಿಗೆ ಬರುವುದೇ ಪರಿಹಾರ. ಅದರೊಳಗೇ ಬ್ಯಾಟರಿ ಇರುವುದರಿಂದ ಕರೆಂಟು ಹೋದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಇನ್ವರ್ಟರ್ ಕೊಳ್ಳುವುದಾದರೆ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು ಮಾತ್ರ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಹೊಸ ಬಗೆಯ ಪವರ್ ಸಪ್ಲೈಗಳು ಗುಂಯ್‌ಗುಡುತ್ತವೆ, ಕೆಲವು ಆನ್ ಆಗುವುದೇ ಇಲ್ಲ.

### ಲೆಡ್ ಆಸಿಡ್ ಒಳ್ಳೆಯದೋ, ಲಿಥಿಯಂ ಒಳ್ಳೆಯದೋ?

ದಿನಾ ಕಂಪ್ಯೂಟರ್ ನಡೆಸುವವರಿಗೆ ಲಿಥಿಯಂ ಐರನ್ ಫಾಸ್ಫೇಟ್. ಅಪರೂಪಕ್ಕೆ ಕರೆಂಟು ಹೋದಾಗ ಮಾತ್ರ ಬೇಕಾದವರಿಗೆ ಟ್ಯೂಬ್ಯುಲರ್ ಲೆಡ್ ಆಸಿಡ್ ಸಾಕು.

ಕಾರಣ ಸರಳ. ಲೆಡ್ ಆಸಿಡ್ ಬ್ಯಾಟರಿ ತುಂಬಿಯೇ ಇರಲು ಬಯಸುತ್ತದೆ. ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ತುಂಬಿಕೊಳ್ಳುವ ಶಕ್ತಿ ಹೋಗುತ್ತದೆ. ಮಲೆನಾಡಿನ ಮಳೆಗಾಲ ಎಂದರೆ ಅದೇ, ವಾರಗಟ್ಟಲೆ ಅರೆಹೊಟ್ಟೆ. ಲಿಥಿಯಂ ಇದನ್ನು ಲೆಕ್ಕಿಸುವುದಿಲ್ಲ, ಸಾವಿರಾರು ಸಲ ತುಂಬಿ ಬರಿದಾದರೂ ತಡೆಯುತ್ತದೆ. ಆರಂಭದ ಬೆಲೆ ಹೆಚ್ಚು, ನೀರು ಹಾಕುವ ತಾಪತ್ರಯವಿಲ್ಲ.

ಲೆಡ್ ಆಸಿಡ್ ಇಟ್ಟವರು ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ. ಬಾವಿ ನೀರು, ಆರ್‌ಒ ನೀರು ಎರಡೂ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಮಲಗುವ ಕೋಣೆಯಲ್ಲಿ ಇಡಬೇಡಿ. ಲೋಡ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮಲ್ಟಿಮೀಟರ್ ಹಿಡಿದಾಗ 12.1 ವೋಲ್ಟ್ ತೋರಿಸಿದರೆ ಅರ್ಧ ಮುಗಿದಿದೆ ಎಂದರ್ಥ, ಕೆಲಸ ನಿಲ್ಲಿಸಿ.

ಯಾವುದೇ ಬ್ಯಾಟರಿಯಾಗಲಿ, ಪ್ಲಸ್ ತುದಿಯ ಪಕ್ಕದಲ್ಲೇ ಫ್ಯೂಸ್ ಕಡ್ಡಾಯ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಶಾರ್ಟ್ ಆದರೆ ಸ್ಪ್ಯಾನರ್ ಕೆಂಪಗೆ ಕಾಯುವಷ್ಟು ಕರೆಂಟು ಹರಿಯುತ್ತದೆ. ಮನೆಗೆ ಬೆಂಕಿ ಬೀಳಲು ಅಷ್ಟು ಸಾಕು.

### ಪಿಡಬ್ಲ್ಯುಎಂ, ಎಂಪಿಪಿಟಿ ಎನ್ನುತ್ತಾರೆ. ಯಾವ ಕಂಟ್ರೋಲರ್?

36 ಕೋಶಗಳ 12 ವೋಲ್ಟ್ ಪ್ಯಾನೆಲ್, 12 ವೋಲ್ಟ್ ಬ್ಯಾಟರಿ ಇದ್ದರೆ ಅಗ್ಗದ ಪಿಡಬ್ಲ್ಯುಎಂ ನಡೆಯುತ್ತದೆ. ಉಳಿದದ್ದಕ್ಕೆಲ್ಲ ಎಂಪಿಪಿಟಿ, ಅದು ಪ್ಯಾನೆಲ್ಲಿನ ಹೆಚ್ಚುವರಿ ವೋಲ್ಟನ್ನು ಆಂಪಿಯರಾಗಿ ಬದಲಿಸಿಕೊಡುತ್ತದೆ. ಈಗ ಅಂಗಡಿಗಳಲ್ಲಿ ವಾಟಿಗೆ ಅಗ್ಗವಾಗಿ ಸಿಗುವುದು 540 ವಾಟಿನ ದೊಡ್ಡ ಪ್ಯಾನೆಲ್. ಅದು 41 ವೋಲ್ಟಿನ ಆಸುಪಾಸಿನಲ್ಲಿ 13 ಆಂಪಿಯರ್ ಕೊಡುವಂಥದ್ದು. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ತರುತ್ತದೆ, ಆಂಪಿಯರ್ ಮಾತ್ರ ಅದೇ 13. ಕೈಗೆ ಸಿಗುವುದು 170 ವಾಟ್, ಉಳಿದ ಮೂರನೇ ಎರಡು ಪಾಲು ಸಿಗುವುದೇ ಇಲ್ಲ.

### ಬ್ಯಾಟರಿಯೇ ಇಲ್ಲದೆ ಪ್ಯಾನೆಲ್ಲಿನಿಂದ ನೇರವಾಗಿ?

ಲ್ಯಾಪ್‌ಟಾಪ್, ಫೋನ್ ಚಾರ್ಜ್ ಮಾಡಬಹುದು. ನಡುವೆ ವೋಲ್ಟೇಜ್ ಸ್ಥಿರವಾಗಿಡುವ ಚಾರ್ಜರ್ ಇರಬೇಕು. ಡೆಸ್ಕ್‌ಟಾಪ್, ರಾಸ್ಬೆರಿ ಪೈ ಆಗುವುದಿಲ್ಲ. ಒಂದು ಮೋಡ ಹಾದುಹೋದರೂ ಆರಿಹೋಗುತ್ತವೆ, ಪೈಯ ಮೆಮೊರಿ ಕಾರ್ಡ್ ಕೆಡುವುದಕ್ಕೂ ಅದೇ ಕಾರಣವಾಗುತ್ತದೆ.

### ಚಾವಣಿ ಮೇಲೆ 3 ಕಿಲೋವಾಟ್ ಹಾಕಿಸಿದ್ದೇವೆ. ಆದರೂ ಕರೆಂಟು ಹೋದರೆ ಕಂಪ್ಯೂಟರ್ ಬಂದ್. ಮೋಸವಾಯಿತೇ?

ಮೋಸವಲ್ಲ. ನಿಮ್ಮದು ಆನ್‌ಗ್ರಿಡ್ ವ್ಯವಸ್ಥೆ, ಅಂದರೆ ಹೊರಗಿನ ಲೈನಿಗೆ ಜೋಡಿಸಿದ್ದು. ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಲೈನಿನಲ್ಲಿ ಕರೆಂಟು ಹೋದ ತಕ್ಷಣ ಆ ಇನ್ವರ್ಟರ್ ಬೇಕೆಂದೇ ನಿಂತುಬಿಡುತ್ತದೆ. ನಿಲ್ಲದಿದ್ದರೆ ನಿಮ್ಮ ಚಾವಣಿಯ ಕರೆಂಟು ಹೊರಗಿನ ತಂತಿಗೆ ಹರಿದು, ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು. ಈ ನಿಯಮದ ಬಗ್ಗೆ ಯಾರೂ ಅಸಮಾಧಾನ ಪಡಬಾರದು. ಹಾಕಿಸುವ ಮೊದಲು ಇದನ್ನು ಬಿಡಿಸಿ ಹೇಳದ ಮಾರಾಟಗಾರರ ಬಗ್ಗೆ ನನಗೆ ಬೇಸರವಿದೆ.

ಕರೆಂಟು ಹೋದಾಗಲೂ ಬೇಕು ಎಂದರೆ ಬ್ಯಾಟರಿ ಸಹಿತದ ಹೈಬ್ರಿಡ್ ಇನ್ವರ್ಟರ್. ಇಲ್ಲವೇ ಇರುವುದನ್ನು ಹಾಗೇ ಬಿಟ್ಟು, ಕಂಪ್ಯೂಟರ್ ಮೇಜಿಗೆ ಮಾತ್ರ ಸಣ್ಣ ಡಿಸಿ ವ್ಯವಸ್ಥೆ ಬೇರೆ ಮಾಡಿಕೊಳ್ಳಿ. ನಾನು ಎರಡನೆಯದನ್ನೇ ಹೇಳುತ್ತೇನೆ.

### ಸಬ್ಸಿಡಿ ಸಿಗುತ್ತದೆಯೇ?

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಕೇಂದ್ರದ ನೆರವು ನಿಗದಿಯಾಗಿದೆ. ಅದು ಗ್ರಿಡ್ಡಿಗೆ ಜೋಡಿಸಿದ ವ್ಯವಸ್ಥೆಗೆ. 300 ವಾಟಿನ ಸ್ವಂತ ಬ್ಯಾಟರಿ ವ್ಯವಸ್ಥೆಗೆ ಇದರಡಿ ಏನೂ ಬರುವುದಿಲ್ಲ. ಯಾರಾದರೂ ಬರುತ್ತದೆ ಎಂದು ಹೇಳಿ ಮುಂಗಡ ಕೇಳಿದರೆ ಕೊಡಬೇಡಿ.

### ಗೃಹಜ್ಯೋತಿಯಲ್ಲಿ ಕರೆಂಟು ಉಚಿತ ಇರುವಾಗ ಸೋಲಾರ್ ಯಾಕೆ?

ಬಿಲ್ಲು ಉಳಿಸುವುದಕ್ಕೆ ಎಂದಾದರೆ ಬೇಡ. 2023ರ ಆಗಸ್ಟಿನಿಂದ 200 ಯೂನಿಟ್ ಒಳಗೆ, 2022–23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದ ಮಟ್ಟದವರೆಗೆ ಬಳಸುವ ಮನೆಗಳಿಗೆ ಬಿಲ್ಲಿಲ್ಲ. ಲ್ಯಾಪ್‌ಟಾಪ್, ರೂಟರ್ ಸೇರಿ ತಿಂಗಳಿಗೆ 15 ಯೂನಿಟ್ ಕೂಡ ಆಗುವುದಿಲ್ಲ. ಅದರಿಂದ ಉಳಿಯುವ ದುಡ್ಡಿನಲ್ಲಿ ಬ್ಯಾಟರಿಯ ಬೆಲೆ ಹುಟ್ಟುವುದು ಯಾವ ಕಾಲಕ್ಕೋ.

ಪ್ರಶ್ನೆ ಇರುವುದು ಕರೆಂಟಿನ ಬೆಲೆಯದ್ದಲ್ಲ, ಕರೆಂಟಿಲ್ಲದ ಗಂಟೆಯದ್ದು. ಸಂದರ್ಶನದ ನಡುವೆ ಸಂಪರ್ಕ ಕಡಿದ ಹುಡುಗಿಗೆ, ಅರ್ಜಿ ತುಂಬುವ ಕೊನೆಯ ದಿನ ಸರ್ವರ್ ಸಿಕ್ಕರೂ ಕರೆಂಟು ಸಿಗದ ಹುಡುಗನಿಗೆ ಆ ಒಂದು ಗಂಟೆಯ ಬೆಲೆ ಎಷ್ಟು? ಕರೆಂಟು ದಿನಕ್ಕೆ ಅರ್ಧ ಗಂಟೆಯೂ ಹೋಗದ ಊರಿನಲ್ಲಿದ್ದರೆ ಸಣ್ಣ ಯುಪಿಎಸ್ ಸಾಕು, ಸೋಲಾರಿಗೆ ದುಡ್ಡು ಹಾಕಬೇಡಿ.

### ನಮ್ಮ ಶಾಲೆಗೆ ಹತ್ತು ಡೆಸ್ಕ್‌ಟಾಪ್ ದಾನ ಬಂದಿದೆ. ಸೋಲಾರ್ ಲ್ಯಾಬ್ ಮಾಡಬೇಕು.

ಮೊದಲು ಆ ಡೆಸ್ಕ್‌ಟಾಪುಗಳನ್ನು ಅಳೆಯಿರಿ. ದೊಡ್ಡ ಕಚೇರಿಗಳು ಬೇಡವೆಂದು ಕೊಡುವ ಯಂತ್ರಗಳು ಮಾನಿಟರ್ ಸೇರಿ 100 ವಾಟ್ ಎಂದುಕೊಳ್ಳಿ. ಹತ್ತು ಯಂತ್ರ, ದಿನಕ್ಕೆ ನಾಲ್ಕು ಗಂಟೆ: 4 ಯೂನಿಟ್. ಅದರ ಬದಲು ರಾಸ್ಬೆರಿ ಪೈ ಅಥವಾ ಸಣ್ಣ ಮಿನಿ ಪಿಸಿಗೆ ಎಲ್‌ಇಡಿ ಮಾನಿಟರ್ ಜೋಡಿಸಿದರೆ ಒಂದಕ್ಕೆ 25 ವಾಟ್, ಹತ್ತಕ್ಕೆ ನಾಲ್ಕು ಗಂಟೆಗೆ 1 ಯೂನಿಟ್. ಪ್ಯಾನೆಲ್ಲೂ ಬ್ಯಾಟರಿಯೂ ಕಾಲು ಭಾಗಕ್ಕೆ ಇಳಿದವು. ಹಳೆಯ ಡೆಸ್ಕ್‌ಟಾಪುಗಳಿಗೆ ಬೇಕಾಗುವ ಹೆಚ್ಚುವರಿ ಬ್ಯಾಟರಿಯ ದುಡ್ಡಿನಲ್ಲಿ ಹೊಸ ಸಣ್ಣ ಕಂಪ್ಯೂಟರುಗಳೇ ಬರಬಹುದು, ಎರಡೂ ಬಗೆಯ ಬೆಲೆ ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ದಾನ ಬಂದದ್ದನ್ನು ಬೇಡವೆನ್ನುವುದು ಮುಖ್ಯೋಪಾಧ್ಯಾಯರಿಗೆ ಕಷ್ಟ ಎಂದು ಗೊತ್ತು. ಮಾನಿಟರುಗಳನ್ನು ಉಳಿಸಿಕೊಂಡು ಸಿಪಿಯು ಡಬ್ಬಿಗಳನ್ನು ಮಾತ್ರ ಬದಲಿಸುವುದು ನಡುದಾರಿ.

ಶಾಲೆಗೆ ಮನೆಗಿಲ್ಲದ ಒಂದು ಅನುಕೂಲವಿದೆ. ಬಿಸಿಲಿನ ಹೊತ್ತೇ ಪಾಠದ ಹೊತ್ತು. ಲ್ಯಾಬ್ ಪಿರಿಯಡ್ಡುಗಳನ್ನು ಹನ್ನೊಂದರಿಂದ ಮೂರರ ನಡುವೆ ಇಟ್ಟುಕೊಂಡರೆ ಪ್ಯಾನೆಲ್ಲಿನ ಕರೆಂಟು ಬ್ಯಾಟರಿಗೆ ಹೋಗುವ ಮೊದಲೇ ಕಂಪ್ಯೂಟರಿನಲ್ಲಿ ಖರ್ಚಾಗುತ್ತದೆ. ಬ್ಯಾಟರಿ ಸಣ್ಣದಾದರೂ ನಡೆಯುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ವೇಳಾಪಟ್ಟಿಯ ಒಂದು ಬದಲಾವಣೆಗೆ ಇಷ್ಟು ಫಲ.

ತಂತ್ರಾಂಶದ ಚಿಂತೆ ಬೇಡ. ಪೈಯಲ್ಲಿ ಓಡುವುದು ವಿಂಡೋಸ್ ಬದಲಿಗೆ ಬಳಸುವ ಉಚಿತ ಲಿನಕ್ಸ್. ನುಡಿ ತಂತ್ರಾಂಶ ರೂಢಿಯಾದವರಿಗೆ ಅದೇ ಕಗಪ ಕೀಲಿಮಣೆ ಅಲ್ಲೂ ಸಿಗುತ್ತದೆ, ಯೂನಿಕೋಡಿನಲ್ಲೇ ಟೈಪ್ ಮಾಡಬಹುದು. ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಜಿಕಾಂಪ್ರಿ ಇದೆ.

ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಬಿಚ್ಚಿಡಬೇಡಿ. ಪ್ಯಾನೆಲ್, ಕಂಟ್ರೋಲರ್, ಬ್ಯಾಟರಿ ಜೋಡಣೆ ಹಾಗೇ ಇರಲಿ, ಲೋಡ್ ಮಾತ್ರ ಆಫ್ ಮಾಡಿ. ಲೆಡ್ ಆಸಿಡ್ ಇದ್ದರೆ ಏಪ್ರಿಲ್ ಕೊನೆಗೊಮ್ಮೆ ಯಾರಾದರೂ ಬಂದು ನೀರಿನ ಮಟ್ಟ ನೋಡಬೇಕು. ಜೂನ್ ಮೊದಲ ವಾರ ಬೀಗ ತೆಗೆದಾಗ ಸತ್ತ ಬ್ಯಾಟರಿ ಸಿಗುವುದು ಆ ಒಂದು ಭೇಟಿ ತಪ್ಪಿದ್ದರಿಂದ.

### ಪ್ರಿಂಟರ್, ಜೆರಾಕ್ಸ್?

ಇಂಕ್ ಟ್ಯಾಂಕ್ ಪ್ರಿಂಟರ್ 10–20 ವಾಟ್, ನಿಶ್ಚಿಂತೆಯಿಂದ ಬಳಸಿ. ಲೇಸರ್ ಪ್ರಿಂಟರ್ ಒಳಗಿನ ರೋಲರ್ ಕಾಯಿಸಲು ಒಮ್ಮೆಗೇ 500ರಿಂದ 1,000 ವಾಟ್ ಎಳೆಯುತ್ತದೆ. ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಜೆರಾಕ್ಸ್ ಮಷೀನು, ಲ್ಯಾಮಿನೇಷನ್ ಮಷೀನು ಲೈನಿನ ಕರೆಂಟಿಗೇ ಇರಲಿ.

### ಸಿಡಿಲಿನ ಭಯ. ಕಂಬದ ಮೇಲೆ ಪ್ಯಾನೆಲ್ ಇಟ್ಟರೆ ಅಪಾಯ ಹೆಚ್ಚೇ?

ಅರ್ತಿಂಗ್ ಇಲ್ಲದಿದ್ದರೆ ಹೆಚ್ಚು. ಕಂಬಕ್ಕೂ ಪ್ಯಾನೆಲ್ಲಿನ ಚೌಕಟ್ಟಿಗೂ ಸರಿಯಾದ ಅರ್ತಿಂಗ್, ಪ್ಯಾನೆಲ್ಲಿನಿಂದ ಬರುವ ಡಿಸಿ ಲೈನಿಗೆ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೊಡೆತವನ್ನು ಭೂಮಿಗೆ ತಿರುಗಿಸುವ ಸಾಧನ), ಇವೆರಡನ್ನು ದುಡ್ಡು ಉಳಿಸಲು ಬಿಡಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ಲ್ಯಾಪ್‌ಟಾಪನ್ನು ಬಿಡಿಸಿ ಅದರ ಬ್ಯಾಟರಿಯಲ್ಲೇ ಬಳಸಿ.

ಸಿಡಿಲು ಕಂಪ್ಯೂಟರಿಗೆ ಬರುವುದು ಪ್ಯಾನೆಲ್ಲಿನಿಂದ ಮಾತ್ರವಲ್ಲ, ಇಂಟರ್‌ನೆಟ್ಟಿನ ತಾಮ್ರದ ತಂತಿಯಿಂದಲೂ. ಮನೆಯವರೆಗೆ ಫೈಬರ್ ಬಂದಿದ್ದರೆ ಆ ದಾರಿ ಬಹುಪಾಲು ಮುಚ್ಚಿತು, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಎರಡು ಮೂರು ದೊಡ್ಡ ಪ್ಯಾನೆಲ್ ಸರಣಿಯಲ್ಲಿ ಜೋಡಿಸಿದ್ದರೆ ಅಲ್ಲಿ 80–150 ವೋಲ್ಟ್ ಡಿಸಿ ಇರುತ್ತದೆ. ಬಿಸಿಲಿರುವವರೆಗೂ ಅದನ್ನು ಆಫ್ ಮಾಡಲು ಬಾರದು. ಕನೆಕ್ಟರುಗಳನ್ನು ಲೋಡ್ ಇರುವಾಗ ಬಿಚ್ಚಿದರೆ ಕಿಡಿ ಹಾರಿ ಉರಿಯುತ್ತಲೇ ಇರುತ್ತದೆ. ಮೊದಲು ಡಿಸಿ ಎಂಸಿಬಿ (ಡಿಸಿ ಕರೆಂಟಿಗೆಂದೇ ಮಾಡಿದ ಸುರಕ್ಷತಾ ಸ್ವಿಚ್) ಇಳಿಸಿ. ಎಸಿ ಎಂಸಿಬಿಯನ್ನೇ ಹಾಕಿ ಹೋಗುವವರಿದ್ದಾರೆ, ಒಪ್ಪಬೇಡಿ.

### ಮಂಗಗಳು?

ಪ್ಯಾನೆಲ್ಲಿನ ಗಾಜು ಗಟ್ಟಿ, ಮಂಗ ಕುಣಿದರೆ ಒಡೆಯುವುದು ಅಪರೂಪ. ಅವು ಹಾಳು ಮಾಡುವುದು ವೈರು. ವೈರುಗಳನ್ನೆಲ್ಲ ಪೈಪಿನೊಳಗೆ ಹಾಕಿ, ಜೋತು ಬಿಡಬೇಡಿ. ಹೆಂಚಿನ ಮೇಲಿಂದ ಕಲ್ಲು, ತೆಂಗಿನಕಾಯಿ ಬೀಳುವ ಜಾಗ ಬೇಡ.

### ಹಾಕಿಸುವವರನ್ನು ಏನೇನು ಕೇಳಬೇಕು?

ಕೊಟೇಶನ್ನಿನಲ್ಲಿ ಒಟ್ಟು ಮೊತ್ತ ಒಂದೇ ಬರೆದಿದ್ದರೆ ವಾಪಸ್ ಕೊಡಿ. ಪ್ಯಾನೆಲ್, ಬ್ಯಾಟರಿ, ಕಂಟ್ರೋಲರ್, ಸ್ಟ್ಯಾಂಡ್, ವೈರಿನ ದಪ್ಪ, ಅರ್ತಿಂಗ್ ಬಿಡಿಬಿಡಿಯಾಗಿ ಇರಲಿ. ಪ್ಯಾನೆಲ್ಲಿನ 25 ವರ್ಷದ ವಾರಂಟಿಯನ್ನೇ ಎಲ್ಲರೂ ದೊಡ್ಡದಾಗಿ ಹೇಳುತ್ತಾರೆ. ಮೊದಲು ಕೆಡುವುದು ಬ್ಯಾಟರಿ ಮತ್ತು ಕಂಟ್ರೋಲರ್. ಅವುಗಳ ವಾರಂಟಿ ಎಷ್ಟು, ಕೆಟ್ಟರೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಕೇಳಿ. ತಾಲ್ಲೂಕು ಕೇಂದ್ರದಲ್ಲಿ ಸರ್ವಿಸ್ ಇರುವ ಸಾಧಾರಣ ಕಂಪನಿ, ಊರಿಗೆ ಯಾರನ್ನೂ ಕಳಿಸದ ದೊಡ್ಡ ಬ್ರ್ಯಾಂಡಿಗಿಂತ ಮೇಲು. 1995ರಲ್ಲಿ ಹರೀಶ್ ಹಂದೆ ಮತ್ತು ಸಂಗಡಿಗರು ಶುರು ಮಾಡಿದ ಸೋಲಾರ್ ಕಂಪನಿ ಸೆಲ್ಕೋ ನಮ್ಮ ಹಳ್ಳಿಗಳಲ್ಲಿ ಬೇರೂರಿದ್ದು ಹತ್ತಿರದಲ್ಲೇ ಸರ್ವಿಸ್ ಮತ್ತು ಬ್ಯಾಂಕಿನ ಸಾಲ, ಈ ಎರಡನ್ನು ಜೊತೆಗೂಡಿಸಿದ್ದರಿಂದ. ಗ್ರಾಮೀಣ ಬ್ಯಾಂಕಿನಲ್ಲೋ ಸಹಕಾರಿ ಸಂಘದಲ್ಲೋ ಸೋಲಾರ್ ಸಾಲದ ಬಗ್ಗೆ ನೀವೂ ವಿಚಾರಿಸಿ.

### ಹಳೆಯ ಬ್ಯಾಟರಿ, ಒಡೆದ ಪ್ಯಾನೆಲ್ ಏನು ಮಾಡುವುದು?

ಲೆಡ್ ಆಸಿಡ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ಸೀಸದ ಬೆಲೆಯಿಂದಾಗಿ ಒಳ್ಳೆಯ ಮೊತ್ತ ಕಡಿತವಾಗುತ್ತದೆ. ಗುಜರಿಯವರಿಗೆ ಕೊಟ್ಟರೆ ಆಸಿಡ್ಡನ್ನು ಚರಂಡಿಗೋ ತೋಟದ ಅಂಚಿಗೋ ಚೆಲ್ಲುತ್ತಾರೆ. ಅದು ಕೊನೆಗೆ ಬಾವಿಗೇ ಇಳಿಯುವುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು, ಲಿಥಿಯಂ ಕೂಡ ಅದರಡಿ ಬರುತ್ತದೆ. ಪ್ಯಾನೆಲ್ಲುಗಳು ಇ-ತ್ಯಾಜ್ಯದ ನಿಯಮಕ್ಕೆ ಸೇರಿವೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಬಿಚ್ಚಿ ನೋಡುವ ಕುತೂಹಲ ಬೇಡ. ಬಿಸಿಲಿಗೆ, ಒಲೆಗೆ ದೂರ, ಮನೆಯ ಹೊರಗೆ ನೆರಳಿನಲ್ಲಿ ಮರಳಿನ ಬಕೆಟ್ಟಿನಲ್ಲಿಟ್ಟು ಕೊಟ್ಟವರಿಗೆ ಫೋನ್ ಮಾಡಿ.